ಹಬ್ಬವಿಲ್ಲದ ದಿನ ನಾರಾಯಣಪುರಕ್ಕೆ

ಈಸ್ಟರ್ ಮುಗಿದ ಮರುದಿನ ಬೆಳಿಗ್ಗೆ ನಾನೂ ಮಾರ್ಥಾ ಅತ್ತೆಯೂ ಹುಮನಾಬಾದಿನಿಂದ ಬಸವಕಲ್ಯಾಣದ ಬಸ್ಸು ಹತ್ತಿದೆವು. ಐದು ದಶಕಗಳ ಹಿಂದಿನ ಮಾತು. ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಈಗಲೂ ಬಿಸಿಲಿಗೆ ಕಾದ ಬಸ್ಸಿನ ಸೀಟಿನ ವಾಸನೆ ಮೂಗಿಗೆ ಬಿದ್ದರೆ ಮೊದಲು ಆ ಪ್ರಯಾಣವೇ ನೆನಪಾಗುತ್ತದೆ.

ಅತ್ತೆ ನನ್ನ ತಂದೆಯ ಅಕ್ಕ. ಹಳ್ಳಿಗಳಿಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವುದು ಅವಳ ಕೆಲಸ. ಅವಳ ತಂಗಿ ಶಾಂತಾ ಬೌದ್ಧ ಧರ್ಮಕ್ಕೆ ಸೇರಿದ ಮನೆಯ ಹುಡುಗನನ್ನು ಮದುವೆಯಾದಾಗ, "ನಿನ್ನ ಮನಿ ನೀರು ಮುಟ್ಟಂಗಿಲ್ಲ" ಎಂದು ಹೇಳಿ ಬಂದವಳು, ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ. ನಮ್ಮ ಚರ್ಚಿನ ಸಭೆಯಲ್ಲಿ ಮನಸ್ತಾಪ ಇಟ್ಟುಕೊಂಡವರು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಏಳುವುದಿಲ್ಲ. ಇಷ್ಟು ವರ್ಷ ಏಳುತ್ತಿದ್ದ ಅತ್ತೆ, ಆ ಈಸ್ಟರ್ ದಿನ ಎಲ್ಲರೆದುರು ಸೆರಗು ಹೊದ್ದು ಕೂತೇ ಇದ್ದಳು. ಸಂಜೆ ನನಗೆ, "ನಾಳಿ ನೀನೂ ಬಾ. ಒಬ್ಬಾಕಿ ಹೋದ್ರ ಅರ್ಧ ದಾರಿಗಿ ತಿರುಗಿ ಬರ್ತೀನಿ" ಎಂದಳು.

ಟಿಕೆಟ್ಟಿಗೆ ಎರಡು ರೂಪಾಯಿಯೂ ಆಗಲಿಲ್ಲ. ರಾಜೇಶ್ವರದಲ್ಲಿ ಬಸ್ಸು ನಿಂತಾಗ ಬಿಸಿ ಭಜಿ ಕೊಂಡೆ. ಅತ್ತೆ ಮುಟ್ಟಲಿಲ್ಲ.

"ಪ್ರತಿ ಕ್ರಿಸ್‌ಮಸ್ಸಿಗಿ ಕರ್ಚಿಕಾಯಿ ತಾಟ ಕಳಸ್ತಿಯಲ್ಲ ಅತ್ತಿ, ಮತ್ತೇನು?" ಎಂದೆ.

"ಕ್ರಿಸ್‌ಮಸ್ ತಾಟ ಪೊಲೀಸ್ ಪಾಟೀಲನ ಮನಿಗೂ ಹೋಗ್ತದ. ಅದು ತಂಗಿಗಿ ಕೊಟ್ಟಂಗ ಆಯ್ತೇನ?"

ಕಲ್ಯಾಣದಲ್ಲಿ ಇಳಿದು ಶಾಂತಾ ಅತ್ತೆಯ ಊರು ನಾರಾಯಣಪುರಕ್ಕೆ ಟಾಂಗಾ ಹಿಡಿದೆವು. "ಗುಡಿ ನೋಡಾಕೇನ್ರಿ ಬಾಯಿ?" ಎಂದು ಟಾಂಗಾದವನು ಕೇಳಿದ. "ಇಲ್ಲಪ್ಪಾ, ಮನಿಗಿ" ಎಂದಳು ಅತ್ತೆ. ದಾರಿಯುದ್ದಕ್ಕೂ ಕೊಯ್ದ ಹೊಲಗಳ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು.

ಶಾಂತಾ ಅತ್ತೆ ಅಂಗಳದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಅಕ್ಕನನ್ನೂ, ಹಿಂದೆ ನಿಂತ ನನ್ನನ್ನೂ ನೋಡಿದವಳೇ ಮೊರ ಬಿಟ್ಟು ಎದ್ದಳು.

"ಅಯ್ಯೋ, ಅಣ್ಣ ಹೋದ್ನೇನೇ ಅಕ್ಕಾ!"

ಹಬ್ಬವಿಲ್ಲ, ಮದುವೆಯಿಲ್ಲ. ಹೀಗೆ ಬಂದರೆ ಅದು ಸಾವಿನ ಸುದ್ದಿಯೇ ಎಂದುಕೊಂಡು ಎದೆ ಬಡಿದುಕೊಂಡು ಅತ್ತಳು. ಓಣಿಯ ಹೆಂಗಸರು ಓಡಿ ಬಂದು ಅವಳೊಂದಿಗೆ ದನಿಗೂಡಿಸಿದರು. ಮನೆಯಲ್ಲಿ ಚಹಾ ಕುಡಿದು ಪೇಪರು ಓದುತ್ತಿದ್ದ ನನ್ನ ತಂದೆಗಾಗಿ ಅಷ್ಟೊಂದು ಜನ ಅಳುವುದನ್ನು ನೋಡಿ ನಾನು ಅತ್ತೆಯ ಸೆರಗು ಜಗ್ಗಿದೆ.

"ಬಾಯಿ ಮುಚ್ಚೇ! ಗಟ್ಟಿ ಕಲ್ಲಿನಂಗ ಕುಂತಾನ ಅವ. ಯಾರೂ ಸತ್ತಿಲ್ಲ" ಎಂದು ಅತ್ತೆ ಕೂಗಿದಳು.

ಅಳು ನಿಂತಿತು. "ಮತ್ತ್ಯಾಕ ಬಂದಿ?"

"ಊಟಕ್ಕ."

ಶಾಂತಾ ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದಳು. ಒಂದೇ ತಂಬಿಗೆ ನೀರು ತಂದು ನನ್ನ ಕೈಗಿಟ್ಟಳು. "ನೀ ಕುಡಿ ತಾಯಿ. ನಿಮ್ಮತ್ತಿಗಿ ನಮ್ಮ ಮನಿ ನೀರು ಆಗಂಗಿಲ್ಲ."

ಅತ್ತೆ ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು, ಎತ್ತಿ, ಗಟಗಟ ಕುಡಿದಳು. ಸೀರೆಯ ಮೇಲೆ ನೀರು ಚೆಲ್ಲಿತು. "ತಪ್ಪು ಮಾತಾಡಿದ್ದೆ, ಶಾಂತಾ" ಎಂದಳು. ಓಣಿಯವರೆಲ್ಲ ಕೇಳುತ್ತಿದ್ದರು.

"ಅಡಗಿ ಏನೂ ಮಾಡಿಲ್ಲ. ರೊಟ್ಟಿ, ಪುಂಡಿಪಲ್ಯ ಅಷ್ಟೆ."

"ಅದನ್ನೇ ಹಾಕು."

ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಕೂತೆವು. ಅತ್ತೆಯ ಊಟದ ಪ್ರಾರ್ಥನೆ ಎಂದರೆ ರೊಟ್ಟಿ ಆರುವಷ್ಟು ಉದ್ದ ಎಂದು ನಮ್ಮ ಮನೆಯಲ್ಲಿ ನಗುತ್ತಿದ್ದೆವು. ಅಂದು ಕಣ್ಣು ಮುಚ್ಚಿ "ಅಪ್ಪಾ..." ಎಂದವಳಿಗೆ ಮುಂದೆ ದನಿ ಹೊರಡಲಿಲ್ಲ. ಶಾಂತಾ ಅತ್ತೆ ಅವಳ ತಾಟಿಗೆ ರೊಟ್ಟಿ ಇಟ್ಟಳು.

"ಆಮೆನ್ ನಾ ಅಂತೀನಿ. ನೀ ಉಣ್ಣು."

ಪುಂಡಿಪಲ್ಯ ಹುಳಿಯಾಗಿತ್ತು, ಖಾರವೂ ಜಾಸ್ತಿ. ಅತ್ತೆ ಎರಡು ಸಲ ಹಾಕಿಸಿಕೊಂಡಳು. ಹೊಲದಿಂದ ಬಂದ ಮಾಮ, ಶಾಂತಾ ಅತ್ತೆಯ ಗಂಡ, ನಮ್ಮನ್ನು ನೋಡಿ ಮೊದಲು ಗಾಬರಿಯಾಗಿ, ಆಮೇಲೆ ನಕ್ಕು, ಅಳಲು ಬಂದಿದ್ದವರಿಗೆಲ್ಲ ಚಹಾ ಮಾಡಿಸಿದರು.

ಇಳಿಹೊತ್ತಿಗೆ ಹೊರಟೆವು. ಓಣಿಯ ತಿರುವಿನಲ್ಲಿ ಮುದುಕಿಯೊಬ್ಬಳು ಸುದ್ದಿ ತಡವಾಗಿ ತಿಳಿದು ಅಳುತ್ತಾ ನಮ್ಮನ್ನು ದಾಟಿ ಹೋದಳು. ನಾನು ಹಿಂತಿರುಗಿ ನೋಡಿದೆ. ಶಾಂತಾ ಅತ್ತೆ ಬಾಗಿಲಲ್ಲಿ ಅವಳ ತೋಳು ಹಿಡಿದು ನಿಲ್ಲಿಸಿದ್ದಳು.

"ಯಾರೂ ಸತ್ತಿಲ್ಲ ಆಯಿ, ಅಳಬ್ಯಾಡ" ಎನ್ನುತ್ತಿದ್ದಳು. "ನಮ್ಮಕ್ಕ ಸುಮ್ನ ಬಂದಿದ್ಳು."