ಚೌತಿಗೇ ತೂಗುವ ಕ್ರಿಸ್ಮಸ್ ನಕ್ಷತ್ರ

ನೆಲ್ಯಾಡಿ ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿರುವ ಪ್ರೇಮನಾಥರಿಗೆ ಕ್ಯಾಲೆಂಡರಿನ ಹಾಳೆ ಮಗುಚುವಷ್ಟು ತಾಳ್ಮೆಯಿಲ್ಲ. ಚೌತಿಯ ಗಣಪತಿ ನೀರಿಗೆ ಇಳಿಯುವ ಮೊದಲೇ ಅವರ ಅಂಗಡಿಯ ಮಾಡಿನಡಿ ಕ್ರಿಸ್ಮಸ್ ನಕ್ಷತ್ರಗಳು ತೂಗುತ್ತವೆ. ಮಾರಾಟವಾಗದೆ ಉಳಿದ ಗಣಪತಿಯ ಥರ್ಮಾಕೋಲ್ ಮಂಟಪ ಹತ್ತಿಯ ಹಿಮ ಅಂಟಿಸಿಕೊಂಡು ಯೇಸುವಿನ ಗೋದಲಿಯಾಗುತ್ತದೆ. "ಎಂತ ಪ್ರೇಮಣ್ಣ, ಯೇಸು ಈ ಸಲ ಏಳು ತಿಂಗಳಿಗೇ ಹುಟ್ಟುದಾ?" ಎಂದು ಗಿರಾಕಿಗಳು ಕೆಣಕಿದರೆ, "ಚೌತಿ ವರ್ಷ ವರ್ಷ ತಾರೀಕು ಬದಲಿಸುದಿಲ್ವಾ ಮಾರಾಯ್ರೆ? ಕ್ರಿಸ್ಮಸ್ ಮಾತ್ರ ಯಾಕೆ ಒಂದೇ ಕಡೆ ಕೂರುದು?" ಎನ್ನುತ್ತಾರೆ. ಯಾರೂ ಕೊಳ್ಳದಿದ್ದರೂ ದಿನಾ ಬೆಳಿಗ್ಗೆ ಧೂಳು ಕೊಡವಿ ಒಂದೊಂದು ನಕ್ಷತ್ರದ ಬಲ್ಬನ್ನೂ ಉರಿಸಿ ನೋಡುತ್ತಾರೆ. ಈ ಸೆಪ್ಟೆಂಬರಿನಲ್ಲಿ ರಬ್ಬರ್ ತೋಟದ ಡೇವಿಸ್, ಹೆಂಡತಿ ಲೀಲಾಮ್ಮನ ಕೈ ಹಿಡಿದುಕೊಂಡು ಬಂದರು. ಸಕ್ಕರೆ ಕಾಯಿಲೆ ಡೇವಿಸರ ಕಣ್ಣಿಗೆ ಇಳಿದಿತ್ತು. "ಡಿಸೆಂಬರಿಗೆ ಕಣ್ಣು ಇರುದು ಸಂಶಯ ಅಂತೆ. ನಕ್ಷತ್ರ ಈಗಲೇ ಕಟ್ಟುವ ಅಂತ ಬಂದದ್ದು," ಎಂದರು. ಪ್ರೇಮನಾಥರು ಎಲ್ಲಕ್ಕಿಂತ ದೊಡ್ಡದನ್ನು ಇಳಿಸಿ, ಉರಿಸಿ, ಅವರ ಮುಖದ ಹತ್ತಿರ ಹಿಡಿದರು. ಡೇವಿಸ್ ತುಂಬ ಹೊತ್ತು ನೋಡಿದರು. "ಒಳ್ಳೆ ಕೆಂಪು ಉಂಟು," ಎಂದರು. ನಕ್ಷತ್ರ ನೀಲಿಯದು. ಲೀಲಾಮ್ಮ ಪ್ರೇಮನಾಥರ ಮುಖ ನೋಡಿದರು. "ಹೌದು ಡೇವಿಸ್ ಚೇಟ, ಕೆಂಪೇ," ಎಂದ ಪ್ರೇಮನಾಥರು ನೀಲಿಯದನ್ನು ಸದ್ದಾಗದಂತೆ ಕೆಳಗಿಟ್ಟು, ಕೆಂಪಿನದೊಂದನ್ನು ಕಟ್ಟಿ ಅವರ ಕೈಗೆ ಕೊಟ್ಟರು.