ಎಬ್ಬಿಸುವವಳ ಲೆವೆಲ್

ಮಗಳು ಕಾಲೇಜಿನಿಂದ ಬಂದವಳು ಬ್ಯಾಗು ಕೂಡ ಇಳಿಸದೆ ಊಟದ ಮೇಜಿನ ಮುಂದೆ ಕೂತುಬಿಟ್ಟಳು. ಮೊಬೈಲನ್ನು ಬೋರಲು ಹಾಕಿದ್ದಳು. ಅವಳು ಮೊಬೈಲು ಬೋರಲು ಹಾಕಿದಳೆಂದರೆ ಏನೋ ಕೆಟ್ಟಿದೆ ಅಂತ ನನಗೆ ಗೊತ್ತಾಗುತ್ತದೆ. ಮೆಂತ್ಯ ಸೊಪ್ಪು ಬಿಡಿಸುತ್ತಲೇ ಕೇಳಿದೆ.

"ಏನಾಯ್ತೇ?"

"ನನ್ನ ಲೆವೆಲ್ ಮೇಲೆ ಹೋಗ್ತಾನೇ ಇಲ್ಲಮ್ಮ."

ಓದಿನ ವಿಷಯ ಇರಬೇಕು ಅಂದುಕೊಂಡು ಸೊಪ್ಪು ಕೆಳಗಿಟ್ಟೆ. ಆಟದ್ದಂತೆ. ಆದರೂ ಅವಳ ಮುಖ ಪರೀಕ್ಷೆ ಕೆಟ್ಟವರ ಮುಖದ ಹಾಗೇ ಇತ್ತು.

ಆ ಆಟವನ್ನು ಅವಳು ಆಡುವುದು ತೂಬಗೆರೆಯಲ್ಲಿರುವ ನನ್ನ ವಾರಗಿತ್ತಿಯ ಮಗಳ ಜೊತೆ. ಆ ಹುಡುಗಿ ದೇವನಹಳ್ಳಿ ಕಡೆ ಯಾವುದೋ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಆಫೀಸಿನ ಇಬ್ಬರನ್ನೂ ಸೇರಿಸಿಕೊಂಡು ಇವರದೊಂದು ಟೀಮು. ಅವರವರ ಮನೆಯಲ್ಲಿ ಕೂತು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಮಾತಾಡುತ್ತಾ ಆಡುತ್ತಾರೆ. ನಮ್ಮ ಮನೆಯಲ್ಲಿ ನನಗೆ ಕೇಳುವುದು ಅರ್ಧ ಮಾತು ಮಾತ್ರ. "ಅಕ್ಕಾ, ಬಿದ್ದ್ಯಾ? ಬಂದೆ ಬಂದೆ, ಅಲ್ಲೇ ಇರು!" ಮೊದಲ ಸಲ ಇದನ್ನು ಕೇಳಿದಾಗ ಬಚ್ಚಲಲ್ಲಿ ಯಾರೋ ಜಾರಿಬಿದ್ದರು ಅಂತ ಒದ್ದೆ ಕೈಯಲ್ಲೇ ಓಡಿಬಂದಿದ್ದೆ.

ಯುದ್ಧದ ಆಟ. ಉಳಿದ ಮೂವರು ಹೊಡೆಯುವವರು. ನನ್ನ ಮಗಳ ಕೆಲಸ ಬಿದ್ದವರನ್ನು ಎಬ್ಬಿಸುವುದು, ಗಾಯಕ್ಕೆ ಮದ್ದು ಹಾಕುವುದು. ತೂಬಗೆರೆಯವಳು ಇವಳನ್ನು ನರ್ಸಮ್ಮ ಅಂತಲೇ ಕರೆಯುವುದು.

"ನಾಳೆ ಸಂಜೆ ಒಂದು ಕೋಟೆ ಬಾಗಿಲು ತೆಗೀತಾರಮ್ಮ. ನಲವತ್ತನೇ ಲೆವೆಲ್ ಆಗಿರೋರಿಗೆ ಮಾತ್ರ. ಅವರು ಮೂರು ಜನಾನೂ ಆಗಿದ್ದಾರೆ. ನಂದು ಮೂವತ್ತೊಂಬತ್ತರಲ್ಲೇ ನಿಂತುಬಿಟ್ಟಿದೆ. ನಾನಿಲ್ಲ ಅಂದ್ರೆ ಬೇರೆ ಯಾರನ್ನೋ ಸೇರಿಸ್ಕೊಂಡು ಹೋಗ್ತಾರೆ."

"ಮೊದಲೆಲ್ಲ ಹೇಗೆ ಮೇಲೆ ಹೋಗ್ತಿತ್ತು?"

"ಎಷ್ಟು ಹೊತ್ತು ಆಡಿದ್ರೆ ಅಷ್ಟು."

"ಅದೇ ಚೆನ್ನಾಗಿತ್ತಲ್ಲ ಹಾಗಾದ್ರೆ."

"ಏನು ಚೆನ್ನ? ಮೊಬೈಲ್ ಆನ್ ಮಾಡಿಟ್ಟು ನಿದ್ದೆ ಹೊಡೆಯೋರೂ ಮೇಲೆ ಹೋಗ್ತಿದ್ರು. ಅಂಥೋರು ಟೀಮಿಗೆ ಬಂದ್ರೆ ಮರದ ಥರ ನಿಂತಿರ್ತಾರೆ, ನಾವು ಸಾಯ್ಬೇಕು. ಸಾಧನೆ ಮಾಡಿದೋರಿಗೆ ಮಾತ್ರ ಲೆವೆಲ್ ಕೊಡಿ ಅಂತ ನಾವೇ ಎಲ್ಲ ಸೇರಿ ಕಂಪನಿಯವರಿಗೆ ಬರೆದಿದ್ವಿ."

"ಕೊಡಲಿಲ್ವಾ?"

"ಕೊಟ್ರು! ಆದ್ರೆ ಅವರ ಪ್ರಕಾರ ಸಾಧನೆ ಅಂದ್ರೆ ಬೀಳಿಸೋದು. ಎಬ್ಬಿಸೋದು ಅದರಲ್ಲಿ ಬರಲ್ಲ."

ನನಗೆ ನಗು ಬಂತು, ತಡೆದುಕೊಂಡೆ. ಆದರೆ ವಿಷಯ ತಲೆಯಲ್ಲಿ ಉಳಿಯಿತು. ನಾನು ಓದಿದ ಕಾನ್ವೆಂಟಿನಲ್ಲಿ ವರ್ಷದ ಕೊನೆಗೆ ಬಹುಮಾನ ಕೊಡುತ್ತಿದ್ದರು. ಮೊದಲ ರ್‍ಯಾಂಕಿಗೆ ಒಂದು, ಒಂದು ದಿನವೂ ತಪ್ಪಿಸದೆ ಬಂದವರಿಗೆ ಇನ್ನೊಂದು. ಜ್ವರ ಬಂದಿದ್ದರೂ ಶಾಲೆಗೆ ಬಂದು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದ ಹುಡುಗಿಗೆ ಆ ಎರಡನೆಯದು ಸಿಗುತ್ತಿತ್ತು. ಎರಡೂ ಬಹುಮಾನಕ್ಕೆ ಒಂದೇ ಬಣ್ಣದ ಕಾಗದ ಸುತ್ತಿರುತ್ತಿದ್ದರು. ಯಾವುದಕ್ಕೆ ಬಹುಮಾನ ಅಂತ ಯಾರು, ಎಲ್ಲಿ ಕೂತು ತೀರ್ಮಾನ ಮಾಡುತ್ತಾರೆ ಅನ್ನುವುದು ನನಗೆ ಆಗಲೂ ಕುತೂಹಲವೇ. ಸಿಸ್ಟರನ್ನು ಕೇಳುವ ಧೈರ್ಯವಂತೂ ಇರಲಿಲ್ಲ.

ಮಾರನೆಯ ದಿನ ಭಾನುವಾರ. ಹಿತಕಿದ ಬೇಳೆ ಸಾರಿಗೆ ಎಲ್ಲರೂ ಬನ್ನಿ ಅಂತ ಅತ್ತೆ ಹೇಳಿ ಕಳಿಸಿದ್ದರು. ಅತ್ತೆ ಇರುವುದು ತೂಬಗೆರೆಯಲ್ಲಿ, ವಾರಗಿತ್ತಿಯ ಮನೆಯಲ್ಲೇ. ನಾವು ದೊಡ್ಡಬಳ್ಳಾಪುರದಿಂದ ಹೋಗುವಷ್ಟರಲ್ಲಿ ನೆನೆಸಿದ ಅವರೆಕಾಳು ಹಿತಕಿ ಮುಗಿದಿತ್ತು. ಸಿಪ್ಪೆ ಒಂದು ಮೊರದಲ್ಲಿ ರಾಶಿ ಬಿದ್ದಿತ್ತು. ಹೆಣ್ಣುಮಕ್ಕಳಿಬ್ಬರೂ ಮಾತೂ ಆಡದೆ ಜಗುಲಿ ಮೇಲೆ ಮೊಬೈಲು ಹಿಡಿದು ಕೂತರು.

ಹಿತ್ತಲ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಮುದ್ದೆಗೆ ಎಸರು ಕುದಿಯುತ್ತಿತ್ತು. ನಮ್ಮ ಮನೆಯಲ್ಲಿ ಇಷ್ಟು ಜನಕ್ಕೆ ಮುದ್ದೆ ಮಾಡುವಾಗ ಇಬ್ಬರು ಬೇಕು. ಒಬ್ಬರು ಹಿಟ್ಟಿನ ಕೋಲು ಹಿಡಿದು ತಿರುವುತ್ತಾರೆ. ಇನ್ನೊಬ್ಬರು ಕವೆಗೋಲನ್ನು, ಅಂದರೆ ತುದಿ ಕವಲೊಡೆದ ಕೋಲನ್ನು, ಪಾತ್ರೆಯ ಕಂಠಕ್ಕೆ ಕೊಟ್ಟು ಅದು ಅಲ್ಲಾಡದಂತೆ ಒತ್ತಿ ಹಿಡಿಯುತ್ತಾರೆ. ತಿರುವುವುದು ನಾನು, ಹಿಡಿಯುವುದು ವಾರಗಿತ್ತಿ. ಅವರು ಈ ಮನೆಗೆ ನನಗಿಂತ ಮೊದಲು ಬಂದವರು. ನಾನು ಬಂದಾಗ ನನಗೆ ಮುದ್ದೆ ನುಂಗುವುದಕ್ಕೂ ಬರುತ್ತಿರಲಿಲ್ಲ, ಅಗಿಯುತ್ತಿದ್ದೆ. ಆಮೇಲೆ ತಿರುವುವುದು ಹೇಗೋ ನನ್ನ ಕೈಗೆ ಹತ್ತಿತು, ಮುದ್ದೆ ಗಂಟಿಲ್ಲದೆ ಬಂತು. ಅವತ್ತೇ ಅತ್ತೆ ಕೋಲು ನನಗೆ ಕೊಟ್ಟುಬಿಟ್ಟರು. ಅಲ್ಲಿಂದ "ಕಾನ್ವೆಂಟ್ ಮುದ್ದೆ" ಅಂತ ನೆಂಟರಲ್ಲೆಲ್ಲ ನನಗೆ ಹೆಸರು.

ತಿರುವುತ್ತಾ ಅತ್ತೆಯನ್ನು ಕೇಳಿದೆ, "ಆವಾಗ ಅಕ್ಕನಿಗೆ ಯಾಕೆ ಕೋಲು ಕೊಡಲಿಲ್ಲ ಅತ್ತೆ? ಮೊದಲು ಬಂದೋರು ಅವರಲ್ವಾ?"

"ಮೊದಲು ಬಂದೋಳು ಅಂತ ಮುದ್ದೇಗೆ ಗೊತ್ತಾಯ್ತದಾ?" ಅತ್ತೆ ತಟ್ಟೆ ಒರೆಸುತ್ತಾ ಅಂದರು. "ಅವ್ಳು ತಿರುವುದ್ರೆ ಗಂಟು. ಗಂಟು ಅಂದ್ರೆ ಗಂಟೇ ಕಣಮ್ಮ."

ವಾರಗಿತ್ತಿ ಹೊಗೆಗೆ ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಿದ್ದರು.

"ನಿಮಗೆ ಬೇಜಾರಾಗಿರಲಿಲ್ವಾ ಅಕ್ಕ?"

"ಅಯ್ಯೋ, ನಂಗೆ ಆ ಕೋಲು ಬೇಕಾಗೇ ಇರ್ಲಿಲ್ಲ ಕಣೇ. ತಿರುವೋರಿಗೆ ರಟ್ಟೆ ನೋವು, ಮುದ್ದೆ ಕೆಟ್ರೆ ಬೈಗುಳ. ಹಿಡ್ಕೊಳೋರನ್ನ ಯಾರಾದ್ರೂ ಬೈದಿದ್ದು ನೋಡಿದ್ದೀಯಾ?"

ಇಷ್ಟು ವರ್ಷ ಅವರ ಬಗ್ಗೆ ಒಳಗೊಳಗೇ ಮರುಗಿದ್ದು ಸುಮ್ಮನೆ ದಂಡವಾಯಿತು ಅನಿಸಿತು. ಆದರೆ ಜಗುಲಿ ಮೇಲಿದ್ದ ನನ್ನ ಮಗಳ ಮಾತು ಬೇರೆ. ಅವಳಿಗೆ ಬೇಕಾಗಿದ್ದು ಹೆಸರಲ್ಲ. ಅಕ್ಕನ ಜೊತೆ ಆ ಬಾಗಿಲು ದಾಟಬೇಕಿತ್ತು, ಅಷ್ಟೇ.

ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ಇಡಲು ಜಗುಲಿಗೆ ಹೋದವಳು ಅಲ್ಲೇ ಕೂತೆ. ತೂಬಗೆರೆಯವಳು ಒಂದು ಉಪಾಯ ಮಾಡಿದ್ದಳು. ಶತ್ರುವನ್ನು ತಾನು ಹೊಡೆದು ಹೊಡೆದು ಸುಸ್ತು ಮಾಡುವುದು, ಕೊನೆಯ ಏಟು ಮಾತ್ರ ತಂಗಿಗೆ ಬಿಡುವುದು. ಕೊನೆಯ ಏಟು ಯಾರದೋ ಸಾಧನೆಯೂ ಅವರದ್ದೇ ಅಂತೆ.

ಉಪಾಯ ಚೆನ್ನಾಗಿತ್ತು. ಆದರೆ ನರ್ಸಮ್ಮ ಹೊಡೆಯಲು ಹೊರಟರೆ ಎಬ್ಬಿಸುವವರು ಯಾರು?

"ಲೇ, ನಾನು ಬಿದ್ದೆ! ಎಬ್ಬಿಸೇ!"

"ಎಬ್ಬಿಸಿದ್ರೆ ಅವನು ತಪ್ಪಿಸ್ಕೊಂಡು ಹೋಗ್ತಾನಕ್ಕ!"

"ಹೋಗ್ಲಿ, ನನ್ನ ಎಬ್ಬಿಸು ಮೊದ್ಲು!"

ಮಗಳು ಎಬ್ಬಿಸಿದಳು, ಶತ್ರು ಓಡಿಹೋದ. ಮತ್ತೆ ಮೊದಲಿಂದ. ಮತ್ತೆ ಅಕ್ಕ ಬಿದ್ದಳು, ಮತ್ತೆ ಇವಳ ಬೆರಳು ತಾನಾಗಿ ಮದ್ದಿನ ಕಡೆಗೇ ಹೋಯಿತು. ಬಿಸಿಲು ಜಗುಲಿಯಿಂದ ಅಂಗಳಕ್ಕೆ ಇಳಿಯಿತು. ಬಾಗಿಲು ತೆರೆಯುವ ಹೊತ್ತು ಹತ್ತಿರ ಬರುತ್ತಿತ್ತು. ಕೊನೆಗೆ ದೊಡ್ಡವಳಿಗೆ ರೇಗಿಹೋಯಿತು.

"ನೋಡು, ಈ ಸಲ ನಾನು ಸತ್ರೆ ಸಾಯ್ತೀನಿ. ನನ್ನ ಕಡೆ ತಿರುಗಿ ನೋಡಿದ್ಯೋ, ಬೇರೆ ನರ್ಸ್ ಕರ್ಕೊಂಡು ಹೋಗ್ತೀನಿ. ಆಣೆಗೂ."

ನಾನು ಮಗಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅಕ್ಕ ಬಿದ್ದಳು. ಹೆಬ್ಬೆರಳು ಒಂದು ಕ್ಷಣ ಮದ್ದಿನ ಗುರುತಿನ ಮೇಲೆ ನಿಂತಿತು, ಆಮೇಲೆ ಹೊಡೆಯುವ ಗುರುತಿನ ಕಡೆಗೆ ಸರಿಯಿತು. ಹೊಡೆದಳು. ಪರದೆಯ ತುಂಬಾ ಹಳದಿ ಬೆಳಕು.

"ಬಂತು! ನಲವತ್ತು ಬಂತು!"

"ಅಯ್ಯೋ ಪಾಪಿ, ನನ್ನ ಸಾಯಿಸಿ ಮೇಲೆ ಹೋದ್ಯಲ್ಲೇ!" ಅಂತ ತೂಬಗೆರೆಯವಳು ಅವಳ ಬೆನ್ನಿಗೊಂದು ಗುದ್ದಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿನಿಂದ ಅತ್ತೆ, "ಯಾರೇ ಅದು ಸತ್ತಿದ್ದು, ಭಾನುವಾರದ ದಿನ?" ಅಂತ ಕೂಗಿದರು.

ಸಂಜೆ ಕಾಫಿ ಕೊಡಲು ಹೋದಾಗ ಕೋಟೆಯೊಳಗೆ ಸೇರಿಕೊಂಡಿದ್ದರು. ಲೋಟಗಳನ್ನು ಅವರ ಮೊಣಕೈ ತಾಗದ ಕಡೆ ಇಟ್ಟೆ. ಮಗಳ ಮುಖ ಶಾಂತವಾಗಿತ್ತು, ನಾಲಿಗೆಯ ತುದಿ ತುಟಿಯಂಚಿನಲ್ಲಿತ್ತು. ಚಿಕ್ಕವಳಾಗಿದ್ದಾಗ ಬಣ್ಣ ತುಂಬುತ್ತಿದ್ದುದೂ ಹೀಗೇ.

"ಒಳಗೆ ಏನು ಮಾಡ್ತಿದ್ದೀಯೇ ಈಗ?"

"ಅದೇ ಅಮ್ಮ. ಎಬ್ಬಿಸ್ತಾ ಇದ್ದೀನಿ."

"ಇಲ್ಲಾದ್ರೂ ಅದನ್ನ ಸಾಧನೆ ಅಂತ ಎಣಿಸ್ತಾರಾ?"

"ಇಲ್ಲ."

"ಮತ್ತೆ ಮುಂದಿನ ಲೆವೆಲ್ಲಿಗೆ?"

"ತಡಿಯಮ್ಮ," ಅಂದಳು ತಲೆಯೆತ್ತದೆ, "ಅಕ್ಕ ಬಿದ್ಲು."