ಪಾರವ್ವನ ನಾಲ್ಕು ಮಾತು

ಕಲ್ಲೋಳಿಯ ಶಿದ್ರಾಮ ಗೋಕಾಕದಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದ. ಮದುವೆಯ ಡಿಜೆಯಲ್ಲಿ, ಕಬ್ಬಿನ ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ನಮ್ಮ ಕಡೆ ಕೇಳುವ ಹೊಸ ಜಾನಪದ ಹಾಡುಗಳಲ್ಲಿ ಎಷ್ಟೋ ಅವನು ಧಾಟಿ ಕೂಡಿಸಿದವು. ಬೇಸೂರ ಹಾಡಿದವನನ್ನು ಕಂಪ್ಯೂಟರಿನಲ್ಲಿ ಸುರಕ್ಕೆ ತರುತ್ತಿದ್ದ. ತಾಳ ತಪ್ಪಿದ್ದನ್ನು ಕತ್ತರಿಸಿ ಹೊಂದಿಸುತ್ತಿದ್ದ. ನಾನು ಶಾಲೆ ಮಾಸ್ತರ. ಅವನಿಗೆ ಹಾಡು ಬರೆದುಕೊಡುತ್ತಿದ್ದೆ.

"ಎಲ್ಲಾ ಬರೋಬ್ಬರಿ ಐತಿ ಶಿದ್ರಾಮ, ಆದ್ರ ಎದಿಗೆ ಮುಟ್ಟೂದಿಲ್ಲ ನೋಡು," ಎಂದು ಒಮ್ಮೆ ಹೇಳಿದ್ದೆ.

"ತಾಳ ಸರಿ ಇದ್ರ ಕಾಲು ಕುಣಿತಾವ್ರಿ ಸರ. ಎದಿ ತಗೊಂಡು ಯಾರು ಏನ್ ಮಾಡ್ತಾರ?" ಎಂದು ನಕ್ಕಿದ್ದ.

ಅವನ ಹೆಂಡತಿ ಪಾರವ್ವ ಬಹಳ ಮಾತಿನ ಹೆಂಗಸು. ಮಕ್ಕಳಿರಲಿಲ್ಲ. ಮೂಡಲಗಿಯಲ್ಲಿದ್ದ ಅಕ್ಕ ರಾಯವ್ವನಿಗೆ ಫೋನು ಹಚ್ಚಿದರೆ ಒಂದು ತಾಸು ಇಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಅವಳ ಬಲಗೈ ಹಿಟ್ಟಿನ ಮೇಲೆಯೇ ನಿಂತುಹೋಯಿತು. ಲಕ್ವಾ ಹೊಡೆದಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಬಂದಳು. ಜೀವ ಉಳಿಯಿತು, ಕಾಲು ಸ್ವಲ್ಪ ಬಂತು, ಮಾತು ಬರಲಿಲ್ಲ. ಅಂದಿದ್ದೆಲ್ಲ ತಿಳಿಯುತ್ತಿತ್ತು, ಬಾಯಿ ತೆರೆದರೆ ಮಾತ್ರ "ತ... ತ..." ಎನ್ನುವುದರ ಮುಂದೆ ಏನೂ ಇಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರು ಹೇಳಿ ಕಳಿಸಿದ್ದರು: "ಮಾತಿನ ಜಾಗಾಕ್ಕ ಪೆಟ್ಟು ಬಿದ್ದೈತ್ರಿ. ಹಾಡಿನ ಜಾಗಾ ಉಳಿದಿರಬಹುದು. ದಿನಾ ಬೇಕಾಗೋ ಮಾತಿಗೆ ಧಾಟಿ ಹಾಕಿ ಹಾಡಿಸಿ ನೋಡ್ರಿ."

ಶಿದ್ರಾಮನಿಗೆ ಹುರುಪು ಬಂತು. ತನ್ನ ಕಸುಬೇ ಅಲ್ಲವೇ! "ನೀರ ಬೇಕ್ರಿ" ಎನ್ನುವುದಕ್ಕೆ ಕೀಬೋರ್ಡು, ಕೊಳಲು, ಸಣ್ಣಗೆ ಢೋಲಕಿ ಸೇರಿಸಿ ಚಂದದ ಧಾಟಿ ಮಾಡಿದ. ಎಂಟು ದಿನ ನುಡಿಸಿದ. ಪಾರವ್ವ ಕಷ್ಟಪಟ್ಟು ಮೊದಲಕ್ಷರಕ್ಕೆ ಬರುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಒಂಬತ್ತನೇ ದಿನ ಅವಳು ಎಡಗೈಯಿಂದ ಕೀಬೋರ್ಡಿನ ವೈರು ಕಿತ್ತೆಸೆದು ಗೋಡೆಯ ಕಡೆ ತಿರುಗಿ ಅತ್ತಳು.

ರಾಯವ್ವ ನೋಡಲು ಬಂದಾಗ ಅವನು ಆ ಧಾಟಿ ಕೇಳಿಸಿ ಸೋತ ಮಾತು ಆಡಿದ. ಆಕೆ ಅಂದಳು, "ಅಕಿ ಎಂದಾದ್ರೂ ಹಂಗ ಅಂದಾಳೇನೋ? ಉಣ್ಣಾಕ ಕರಿಯುವಾಗ ಹೆಂಗ ಅಂತಿದ್ಲು, ಹೇಳು?"

ಶಿದ್ರಾಮನಿಗೆ ನೆನಪಾಗಲಿಲ್ಲ. ಇಪ್ಪತ್ತಾರು ವರ್ಷ ದಿನಾ ಕೇಳಿದ ದನಿ.

"ಹಿಂಗ," ಎಂದು ರಾಯವ್ವ ತಂಗಿಯ ಹಾಗೆಯೇ ಕೂಗಿ ತೋರಿಸಿದಳು. ಕೆಳಗೊಂದು ಸ್ವರ, ಕೊನೆಗೆ ಸ್ವಲ್ಪ ಏರು. ಅಷ್ಟೇ. "ಉಣ್ಣಾಕ ಬರ್ರೀ..."

ಪಾರವ್ವನ ತುಟಿ ಅಲುಗಿತು.

ಅಲ್ಲಿಂದ ವಾದ್ಯ ಬಿಟ್ಟು, ಅವಳ ಎಡಗೈ ಹಿಡಿದು ಮೊಣಕಾಲ ಮೇಲೆ ಮೆಲ್ಲಗೆ ಬಡಿಯುತ್ತ ಹಾಡಿಸಿದ. ನಾಲ್ಕು ತಿಂಗಳಲ್ಲಿ ನಾಲ್ಕು ಮಾತು ಬಂದವು: ಉಣ್ಣಾಕ ಬರ್ರಿ, ನೀರ ಬೇಕ್ರಿ, ಚಹಾ ಆತೇನ್ರಿ, ಕಾಲ ನೋಯ್ತಾವ್ರಿ.

ಐದನೇ ತಿಂಗಳು ರಾಯವ್ವ ಎದೆನೋವು ಬಂದು ತೀರಿಕೊಂಡಳು. ಶಿದ್ರಾಮ ಪಾರವ್ವನನ್ನು ಕಾರಿನಲ್ಲಿ ಮೂಡಲಗಿಗೆ ಕರೆದೊಯ್ದ. ನಾನೂ ಜೊತೆಗೆ ಹೋದೆ. ಪಡಸಾಲೆಯಲ್ಲಿ ರಾಯವ್ವನ ದೇಹವನ್ನು ನಮ್ಮ ಕಡೆಯ ರೂಢಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಂಗಸರು ಸರದಿಯ ಮೇಲೆ ಅವಳ ಗುಣ ಹೇಳಿ ಹಾಡಿಕೊಂಡು ಅಳುತ್ತಿದ್ದರು. ಪಾರವ್ವನನ್ನು ಎದುರಿಗೆ ತಂದು ಕೂರಿಸಿದರು.

ಅವಳು ಅಕ್ಕನ ಮೊಣಕಾಲು ಹಿಡಿದು ಬಾಯಿ ತೆರೆದಳು. "ಉಣ್ಣಾಕ ಬರ್ರೀ..." ಎಂದು ಬಂತು.

ಯಾರದೋ ಹುಡುಗಿ ಕಿಸಕ್ಕನೆ ನಕ್ಕಳು. ಪಾರವ್ವ ಇದಲ್ಲ, ಇದಲ್ಲ ಎಂಬಂತೆ ತಲೆ ಅಲ್ಲಾಡಿಸಿ ಮತ್ತೆ ತೆರೆದಳು. "ಚಹಾ ಆತೇನ್ರೀ..." ಮೂರನೇ ಸಲ "ಕಾಲ ನೋಯ್ತಾವ್ರೀ..." ಮಾತು ಅವೇ ನಾಲ್ಕು, ದನಿ ಮಾತ್ರ ಶಿದ್ರಾಮ ಕಲಿಸಿದ ಎರಡು ಸ್ವರ ದಾಟಿ ಎಲ್ಲಿಗೋ ಹೋಗಿತ್ತು. ಕೊನೆಯಲ್ಲಿ ಒಡೆದು, ಉಸಿರು ಸಿಕ್ಕಿಕೊಂಡು, ಮತ್ತೆ ಕೆಳಗಿನಿಂದ ಏಳುತ್ತಿತ್ತು. ಉಳಿದ ಹೆಂಗಸರು ತಮ್ಮ ಹಾಡು ನಿಲ್ಲಿಸಿದರು. ಆ ಹುಡುಗಿಯೂ ಅಂಗೈ ಬಾಯಿಗೆ ಒತ್ತಿಕೊಂಡು ಅತ್ತಳು. "ಉಣ್ಣಾಕ ಬರ್ರಿ" ಎಂಬ ಮಾತಿಗೆ ಇಡೀ ಮನೆ ಅತ್ತಿದ್ದನ್ನು ನಾನು ಕಂಡಿದ್ದೇನೆ.

ಶಿದ್ರಾಮ ಅಳಲಿಲ್ಲ. ತೊಡೆಯ ಮೇಲೆ ಅವನ ಬೆರಳು ಆಡುತ್ತಿದ್ದವು. ವಾಪಸು ಬಂದ ಮೇಲೆ ಅವನೇ ಹೇಳಿದ, "ನಾ ಆಗೂ ಸುರಾ ಹುಡುಕಾಕತ್ತಿದ್ನಿರಿ ಸರ. ನಾಚಿಕಿ ಆತು." ಮತ್ತೆ ಅಂದ, "ನಾ ಕಲಿಸಿದ ನಾಲ್ಕೂ ಮಾತು ಅಕೀನ ನೋಡಿಕೊಳ್ಳಾಕ ನನಗ ಬೇಕಾದವು. 'ಅಕ್ಕಾ' ಅನ್ನೂದು ಒಂದ ಕಲಿಸಲಿಲ್ಲ."

ಕಲಿಸಲು ಕೂತ. ಆದರೆ ಮೂಡಲಗಿಯಿಂದ ಬಂದ ದಿನದಿಂದ ಪಾರವ್ವ ಬಾಯಿ ತೆರೆಯುತ್ತಿಲ್ಲ. ಇದ್ದ ನಾಲ್ಕನ್ನೂ ಬಿಟ್ಟಳು. "ಬರತೈತ್ರಿ, ಅವರಿಗೇ ಬ್ಯಾಡಾಗೇತಿ," ಎಂದರು ಬೆಳಗಾವಿಯ ಮೇಡಂ. ನೀರು ಬೇಕಾದರೆ ತಂಬಿಗೆಯ ಕಡೆ ಕೈ ತೋರಿಸುತ್ತಾಳೆ.

ಹೊಟ್ಟೆಪಾಡಿಗೆ ಸ್ಟುಡಿಯೋ ಈಗಲೂ ಮಧ್ಯಾಹ್ನದಿಂದ ನಡೆಯುತ್ತದೆ. ಮದುವೆಯ ಸುಗ್ಗಿಯಲ್ಲಿ ಕೆಲಸವೂ ಇದೆ. ಹೋದ ವಾರ ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಪಾರವ್ವ ಎಡಗೈಯಿಂದ ಶೇಂಗಾ ಆರಿಸುತ್ತಿದ್ದಳು. ಶಿದ್ರಾಮ ಎದುರಿಗೆ ಕೂತು, ಅವಳು ಫೋನಿನಲ್ಲಿ ಕರೆಯುತ್ತಿದ್ದ ಧಾಟಿ ಹುಡುಕುತ್ತ, ಅವಳ ಮುಖ ನೋಡುತ್ತ, "ಅಕ್ಕಾ..." ಎಂದು ಒಂದೊಂದು ಸಲ ಒಂದೊಂದು ರೀತಿ ಮೆಲ್ಲಗೆ ಅನ್ನುತ್ತಿದ್ದ. ಅವಳು ಅವನ ಕಡೆ ತಲೆ ಎತ್ತಲಿಲ್ಲ. ನನ್ನನ್ನು ಕಂಡು ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು.